ಮೇಷ್ಟ್ರ ಯೆಜ್ಡಿ, ನಾಲ್ಕು ಊರು

ಹಾಸನದಲ್ಲಿ ವರ್ಷಕ್ಕೊಮ್ಮೆ ಮಾತ್ರ ಬಾಗಿಲು ತೆರೆಯುವ ಜಾಗಗಳು ಎರಡಿವೆ. ಒಂದು, ಹಾಸನಾಂಬೆಯ ಗುಡಿ. ಇನ್ನೊಂದು, ನಮ್ಮ ಮನೆ ಹಿತ್ತಲಿನ ಶೀಟಿನ ಶೆಡ್ಡು. ಮೊದಲನೆಯದರ ಮುಂದೆ ಲಕ್ಷಗಟ್ಟಲೆ ಜನ ಸಾಲು ನಿಲ್ಲುತ್ತಾರೆ. ಎರಡನೆಯದರ ಮುಂದೆ ಆಯುಧಪೂಜೆಯ ದಿನ ಬಕೆಟ್ಟು, ಹಳೇ ಬಟ್ಟೆ, ಎರಡು ನಿಂಬೆಹಣ್ಣು ಹಿಡಿದು ನಿಲ್ಲುವವನು ನಾನೊಬ್ಬನೇ.

ಶೆಡ್ಡಿನೊಳಗಿರುವುದು ನಮ್ಮಪ್ಪನ ಯೆಜ್ಡಿ ಮೋಟಾರ್ ಸೈಕಲ್ಲು. ಹಾಸನಾಂಬೆಯ ಗರ್ಭಗುಡಿಯಲ್ಲಿ ಹಚ್ಚಿಟ್ಟ ದೀಪ ಮರುವರ್ಷ ಬಾಗಿಲು ತೆಗೆದಾಗಲೂ ಉರಿಯುತ್ತಿರುತ್ತದೆ ಎಂಬುದು ಭಕ್ತರ ನಂಬಿಕೆ. ನಮ್ಮ ಶೆಡ್ಡಿನ ದೇವರಿಗೆ ಆ ಮಹಿಮೆ ಇಲ್ಲ. ಕಳೆದ ಆಯುಧಪೂಜೆಯಂದು ಹದಿನೇಳು ಸಲ ಒದ್ದರೂ ಅದು ಒಮ್ಮೆಯೂ ಕೆಮ್ಮಲಿಲ್ಲ. ಕುಂಕುಮ ಹಚ್ಚಿ, ನಿಂಬೆಹಣ್ಣನ್ನು ಚಕ್ರದ ಕೆಳಗಿಟ್ಟು, ಕೈಯಲ್ಲೇ ತಳ್ಳಿ ಹಣ್ಣು ಜಜ್ಜಿದ್ದಾಯಿತು. ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದ ನನ್ನಾಕೆ ಹೇಳಿದಳು: “ಇದನ್ನ ಮಾರಿ, ಇಲ್ಲಾ ಸರಿಯಾದ ಕಡೆ ಇಡಿ. ಎರಡೂ ಅಲ್ಲದ ಈ ಸ್ಥಿತಿ ಬೇಡ.”

ಅಪ್ಪ ಹೈಸ್ಕೂಲು ಮೇಷ್ಟ್ರು. ಹೊಳೆನರಸೀಪುರ ತಾಲ್ಲೂಕಿನ ಹಳ್ಳಿಮೈಸೂರಿನ ಕಡೆ ಬಹುಕಾಲ ಕೆಲಸ ಮಾಡಿದವರು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಸಹಸ್ರಾಬ್ದಿ ಮಹಾಮಸ್ತಕಾಭಿಷೇಕ ನಡೆದ 1981ರಲ್ಲೇ ಅವರು ಈ ಗಾಡಿ ಕೊಂಡದ್ದು. ಆಗ ನನಗೆ ಐದು ವರ್ಷ. ನನ್ನ ಜಾಗ ಪೆಟ್ರೋಲ್ ಟ್ಯಾಂಕಿನ ಮೇಲೆ. ಗಾಡಿ ನಮ್ಮ ನೆರೆಯ ಮೈಸೂರಿನದೇ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದಲ್ಲಿ ಜೆಕೊಸ್ಲೊವಾಕಿಯದ ಜಾವಾ ಬೈಕುಗಳು ತಯಾರಾಗತೊಡಗಿದವು. 1970ರ ದಶಕದಲ್ಲಿ ಅವೇ ಯೆಜ್ಡಿಗಳಾದವು. 250 ಸಿಸಿ ಎಂಜಿನ್ನು, ಸಿಲಿಂಡರು ಒಂದೇ ಆದರೂ ಹೊಗೆ ಕೊಳವೆ ಎರಡು. ಗೇರ್ ಹಾಕುವ ಲಿವರೇ ಕಿಕ್ಕರ್ ಕೂಡ. ಒಳಕ್ಕೆ ಒತ್ತಿ ಮೇಲಕ್ಕೆ ತಿರುಗಿಸಿದರೆ ಕಿಕ್ಕರ್, ಗಾಡಿ ಶುರುವಾದ ಮೇಲೆ ಕೆಳಕ್ಕೆ ತಂದರೆ ಗೇರು! ಗೊತ್ತಿಲ್ಲದವರು ಈ ಗಾಡಿಯನ್ನು ಕದ್ದೊಯ್ಯುವುದೂ ಕಷ್ಟ ಎಂದು ಅಪ್ಪ ನಗುತ್ತಿದ್ದರು.

1980ರ ದಶಕದ ನಡುವಿಗೆ ಜಪಾನೀಯರ ಸಹಯೋಗದ 100 ಸಿಸಿ ಬೈಕುಗಳು ಬಂದವು. ಅವು ಕಡಿಮೆ ಪೆಟ್ರೋಲು ಕುಡಿದು ಹೆಚ್ಚು ಓಡಿದವು. 1996ರಲ್ಲಿ ಮೈಸೂರಿನ ಕಾರ್ಖಾನೆ ಮುಚ್ಚಿತು. ನಮ್ಮ ಗಾಡಿಯ ನೋಂದಣಿಗೆ ಮೊದಲ 15 ವರ್ಷ ತುಂಬಿದ್ದೂ ಅದೇ ವರ್ಷ. ಖಾಸಗಿ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೊಮ್ಮೆ ಗಾಡಿಯನ್ನು ಆರ್.ಟಿ.ಓ. ಕಚೇರಿಗೆ ಒಯ್ದು ತೋರಿಸಿ ನವೀಕರಿಸಬೇಕು. ಅಪ್ಪ ಅದನ್ನು ಒಮ್ಮೆಯೂ ತಪ್ಪಿಸಲಿಲ್ಲ. ಅವರು ಹೋದ ಮೇಲೆ ನಮೂನೆ 31 ತುಂಬಿ ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿಕೊಂಡದ್ದೇ ನಾನು ಮಾಡಿದ ಏಕೈಕ ಸೇವೆ. ಈಗ ಮತ್ತೆ ಅವಧಿ ಮುಗಿಯಲು ಕೆಲವೇ ತಿಂಗಳು. ಅದೇ ಹೊತ್ತಿಗೆ ಮಗಳು ದ್ವಿತೀಯ ಪಿಯುಸಿ ಮುಗಿಸಿ ಎಂಜಿನಿಯರಿಂಗ್ ಸೇರುವ ತಯಾರಿಯಲ್ಲಿದ್ದಾಳೆ. ಫೀಸು, ಹಾಸ್ಟೆಲು, ಲ್ಯಾಪ್‌ಟಾಪು ಎಂದು ಮನೆಯಲ್ಲಿ ದಿನವೂ ಲೆಕ್ಕ. ಆ ಲೆಕ್ಕದಲ್ಲಿ ನಿಂತಿರುವ ಬೈಕೂ ಒಂದು ಸಾಲಾಗಿ ಸೇರಿದ್ದು ಸಹಜವೇ.

ಮಾರುವುದಾದರೆ ಚನ್ನರಾಯಪಟ್ಟಣದಲ್ಲಿ ಒಬ್ಬ ಗಿರಾಕಿ ಇದ್ದರು. ಇಡುವುದಾದರೆ ಅರಕಲಗೂಡಿನಲ್ಲಿ ಚಿಕ್ಕಪ್ಪನ ಬ್ಯಾರನ್ನು ಖಾಲಿ ಇತ್ತು. ಗಾಡಿಯ ಒಳಗುಟ್ಟು ಬಲ್ಲ ಮೆಕ್ಯಾನಿಕ್ಕು ಇರುವುದು ಹೊಳೆನರಸೀಪುರದಲ್ಲಿ. “ಮೂರೂ ಕಡೆ ಅದರ ಮೇಲೇ ಹೋಗೋಣ ಅಪ್ಪಾ, ಮಾರೋದಾದ್ರೂ ಒಂದ್ಸಲ ಕೂತು ಮಾರೋಣ” ಎಂದಳು ಮಗಳು. ಹಾಸನದ ಮೆಕ್ಯಾನಿಕ್ ಒಬ್ಬರು ಎರಡು ದಿನ ಕೂತು ಹಳೇ ಪೆಟ್ರೋಲು ಚೆಲ್ಲಿ, ಕಾರ್ಬ್ಯುರೇಟರ್ ತೊಳೆದು, ಹೊಸ ಬ್ಯಾಟರಿ ಹಾಕಿದರು. ವಿಮೆ ಕಟ್ಟಿದೆ. ಹೊಗೆ ತಪಾಸಣೆಯ ಪ್ರಮಾಣಪತ್ರವನ್ನೂ ಪಿಯುಸಿ ಎಂದೇ ಕರೆಯುತ್ತಾರಲ್ಲ, ಅಂತೂ ಒಂದೇ ವರ್ಷ ನಮ್ಮ ಮನೆಯಲ್ಲಿ ಇಬ್ಬರು ಪಿಯುಸಿ ಪಾಸಾದಂತಾಯಿತು.

ಹೊಳೆಯ ದಡದ ವೈದ್ಯ

ಭಾನುವಾರ ಬೆಳಗ್ಗೆ ಆರೂವರೆಗೆ ಹೊರಟೆವು, ಇಬ್ಬರಿಗೂ ಹೆಲ್ಮೆಟ್ಟು. ಊರು ದಾಟಿದ ಮೇಲೆ ಎಂಜಿನ್ನು ತನ್ನ ಹಳೆಯ ರಾಗಕ್ಕೆ ಬಂತು. ಮೊಸಳೆಯಲ್ಲಿ ಗಾಡಿ ಆರಲು ಬಿಟ್ಟು ದೇಗುಲ ನೋಡಿದೆವು. ನಾಗೇಶ್ವರ, ಚೆನ್ನಕೇಶವ ಎಂಬ ಎರಡು ಹೊಯ್ಸಳ ಗುಡಿಗಳು ಅವಳಿ ಮಕ್ಕಳಂತೆ ಪಕ್ಕಪಕ್ಕದಲ್ಲಿ ನಿಂತಿವೆ. ಬೇಲೂರು, ಹಳೇಬೀಡಿಗೆ ಧಾವಿಸುವ ಬಸ್ಸುಗಳು ಇತ್ತ ತಿರುಗುವುದಿಲ್ಲ. ಹಾಗಾಗಿ ಬೆಳಗಿನ ಹೊತ್ತು ಶಿಲ್ಪಗಳೂ ನೀವೂ ಮಾತ್ರ. ಹಾಸನದಲ್ಲಿ ಓದುವ ಮಕ್ಕಳು ಸೈಕಲ್ಲಿನಲ್ಲೂ ಬಂದು ನೋಡಬಹುದಾದಷ್ಟು ಹತ್ತಿರ.

ಹೊಳೆನರಸೀಪುರಕ್ಕೆ ಆ ಹೆಸರು ಬಂದದ್ದು ಹೇಮಾವತಿ ಹೊಳೆಯಿಂದ, ದಡದಲ್ಲಿರುವ ಲಕ್ಷ್ಮೀನರಸಿಂಹನಿಂದ. ಗೊರೂರಿನಲ್ಲಿ ಅಣೆಕಟ್ಟಿನ ಹಿಂದೆ ನಿಂತ ಹೇಮಾವತಿ, ಬಿಟ್ಟಷ್ಟು ನೀರಾಗಿ ಇಲ್ಲಿ ಹರಿಯುತ್ತಾಳೆ. ಪೇಟೆ ಬೀದಿಯ ಕೊನೆಯ ಸಣ್ಣ ಗ್ಯಾರೇಜಿನ ಮುಂದೆ ನಿಲ್ಲಿಸುವ ಮೊದಲೇ ಒಳಗಿನಿಂದ ಕೂಗು ಕೇಳಿತು: “ಮೇಷ್ಟ್ರ ಗಾಡಿ!” ಎಪ್ಪತ್ತರ ಆಸುಪಾಸಿನ ಮೆಕ್ಯಾನಿಕ್ಕು ಮುಖ ನೋಡುವ ಮೊದಲು ಸದ್ದಿನಲ್ಲೇ ಗುರುತು ಹಿಡಿದಿದ್ದರು.

ಪಕ್ಕದ ಪೆಟ್ಟಿಗೆ ತೆರೆದು ಸ್ಪ್ಯಾನರ್ ಹುಡುಕುವಾಗ ಅವರ ಕೈಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ್ದ ನೋಟ್‌ಬುಕ್ಕು ಸಿಕ್ಕಿತು. ಅಪ್ಪನ ದುಂಡನೆಯ ಅಕ್ಷರ. ತಾರೀಕು, ಊರು, ಮೀಟರು, ಪೆಟ್ರೋಲು, ಆಯಿಲು ಎಂದು ಐದು ಕಾಲಂ. ವರ್ಷಗಟ್ಟಲೆ ಒಂದು ವಾರವೂ ಖಾಲಿ ಇಲ್ಲ. ಕೊನೆಯ ಸಾಲಿನ ನಂತರ ಬಿಳಿ ಹಾಳೆಗಳು. ಆ ಬಿಳಿ ಹಾಳೆಗಳೆಲ್ಲ ನನ್ನವು ಎಂದು ಹೇಳಬೇಕಾಗಿಲ್ಲ.

ಮಾರಲೋ ಇಡಲೋ ಎಂದು ಕೇಳಿದೆ. ಅವರು ಕೈ ಒರೆಸಿಕೊಂಡು, “ಸಾರ್, ಓಡ್ಸಿ ಹಾಳಾದ ಗಾಡಿ ನಾನು ಕಮ್ಮಿ ನೋಡಿವ್ನಿ. ನಿಲ್ಸಿ ಹಾಳಾಗಿದ್ದೇ ಜಾಸ್ತಿ” ಎಂದರು. ಆಮೇಲೆ ಮಗಳಿಗೆ ಪಾಠ ಶುರುವಾಯಿತು. ಅದನ್ನು ಇಲ್ಲಿ ಬರೆಯುತ್ತೇನೆ, ಏಕೆಂದರೆ ಇಂಥ ಗಾಡಿ ಅನೇಕರ ಹಿತ್ತಲಲ್ಲಿದೆ.

ಟು-ಸ್ಟ್ರೋಕ್ ಎಂಜಿನ್ನಿಗೆ ಪ್ರತ್ಯೇಕ ಎಂಜಿನ್ ಆಯಿಲಿನ ಕೊಳ ಇಲ್ಲ. ಪೆಟ್ರೋಲಿಗೆ ಬೆರೆಸಿದ ಆಯಿಲೇ, ಲೀಟರಿಗೆ 40 ಮಿಲಿಲೀಟರಿನ ಆಸುಪಾಸು, ಒಳಗಿನ ಭಾಗಗಳಿಗೆಲ್ಲ ಜಿಡ್ಡು. ಗಾಡಿ ಓಡಿದರೆ ಮಾತ್ರ ಆ ಜಿಡ್ಡು ತಲುಪುತ್ತದೆ. ನಿಂತರೆ ಕ್ರ್ಯಾಂಕಿನ ಸೀಲು ಒಣಗುತ್ತದೆ, ಪಿಸ್ಟನ್ ರಿಂಗು ಹಿಡಿದುಕೊಳ್ಳುತ್ತದೆ. ಟ್ಯಾಂಕಿನಲ್ಲಿ ಉಳಿದ ಪೆಟ್ರೋಲು ತಿಂಗಳುಗಟ್ಟಲೆ ನಿಂತು ಅಂಟಾಗಿ ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವ ಹೀರುತ್ತದೆ. ನೀರು ತಳಕ್ಕಿಳಿದರೆ ಟ್ಯಾಂಕಿಗೆ ತುಕ್ಕು. ಹಳೇ ಕಾಲದ ರಬ್ಬರು ಭಾಗಗಳಿಗೂ ಎಥೆನಾಲ್ ಆಗಿಬರದು.

“ಹಂಗಾದ್ರೆ ಇಡೋಕೇ ಆಗಲ್ವಾ ತಾತ?” ಎಂದಳು ಮಗಳು.

“ಆಗುತ್ತೆ ಕಣವ್ವ. ಇಡೋದೂ ಒಂದು ಕೆಲಸ. ಸುಮ್ನೆ ಬಿಡೋದು ಇಡೋದಲ್ಲ.” ಟ್ಯಾಂಕು, ಕಾರ್ಬ್ಯುರೇಟರ್ ಎರಡನ್ನೂ ಪೂರ್ತಿ ಬರಿದು ಮಾಡಬೇಕು, ಟ್ಯಾಂಕಿನ ಒಳಗೋಡೆಗೆ ಎಣ್ಣೆ ಹತ್ತಿಸಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಚಮಚ ಆಯಿಲು ಬಿಟ್ಟು ಕಿಕ್ಕರನ್ನು ಮೆಲ್ಲಗೆ ತುಳಿಯಬೇಕು. ತಿಂಗಳಿಗೊಮ್ಮೆ ಹೀಗೆ ಎಂಜಿನ್ನು ತಿರುಗಬೇಕು. ಬ್ಯಾಟರಿ ಬಿಚ್ಚಿ ಹೊರಗಿಡಬೇಕು. ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಚಕ್ರ ನೆಲಕ್ಕೆ ಒತ್ತದಂತೆ ನೋಡಿಕೊಳ್ಳಬೇಕು. ಹೊಗೆ ಕೊಳವೆಗೆ ಬಟ್ಟೆ ತುರುಕದಿದ್ದರೆ ಕಣಜ ಗೂಡು ಕಟ್ಟುತ್ತದೆ, ಇಲಿ ಸಂಸಾರ ಹೂಡುತ್ತದೆ. ಹೊದಿಸುವುದು ಹತ್ತಿ ಬಟ್ಟೆಯಾಗಿರಲಿ; ಪ್ಲಾಸ್ಟಿಕ್ ಹೊದಿಸಿದರೆ ಒಳಗೇ ಬೆವರು ನಿಂತು ತುಕ್ಕು. ನಾನು ಇಷ್ಟು ವರ್ಷ ಪ್ಲಾಸ್ಟಿಕ್ ಟಾರ್ಪಾಲನ್ನೇ ಹೊದಿಸಿದ್ದೆ. ಬಾಯಿ ಬಿಡಲಿಲ್ಲ.

ಬ್ಯಾರನ್ನಿನ ಬಾಗಿಲು

ಹೊಳೆನರಸೀಪುರದಿಂದ ಪಶ್ಚಿಮಕ್ಕೆ ತಿರುಗಿದರೆ ಅರಕಲಗೂಡು. ಹೋದಂತೆ ಬಯಲು ಸೀಮೆಯ ಬಣ್ಣ ಮಾಸಿ ಅರೆಮಲೆನಾಡಿನ ಹಸಿರು ಇಣುಕುತ್ತದೆ. ಊರಿನ ಹೆಸರಿನ ಹಿಂದೆ ಅರ್ಕೇಶ್ವರನ ಗುಡಿ ಇದೆ. ಕಾದಂಬರಿಕಾರ ಅ.ನ.ಕೃ. ಅವರ ಹೆಸರಿನ ಮೊದಲ ‘ಅ’ ಎಂದರೆ ಈ ಅರಕಲಗೂಡೇ. ಇನ್ನೂ ಮುಂದೆ ಹೋದರೆ ಕೊಣನೂರು, ರಾಮನಾಥಪುರ, ಕಾವೇರಿ. ರಾಮನಾಥಪುರದಲ್ಲಿ ಹೊಗೆಸೊಪ್ಪಿನ ಹರಾಜು ಮಾರುಕಟ್ಟೆ ಇದೆ. ಹೀಗಾಗಿ ಈ ತಾಲ್ಲೂಕಿನ ಹೊಲಗಳ ನಡುವೆ ಎತ್ತರದ ಗೋಡೆಯ, ಕಿಟಕಿ ಇಲ್ಲದ ಪುಟ್ಟ ಕಟ್ಟಡಗಳು ಕಾಣುತ್ತವೆ. ಅವೇ ಬ್ಯಾರನ್ನುಗಳು. ಒಳಗೆ ಸೊಪ್ಪು ಕಟ್ಟಿ, ಕೆಳಗೆ ಬೆಂಕಿ ಕೊಟ್ಟು ಹದ ಮಾಡುತ್ತಾರೆ.

ಚಿಕ್ಕಪ್ಪ ಹೊಗೆಸೊಪ್ಪು ಬಿಟ್ಟು ಶುಂಠಿ ಹಿಡಿದು ಕೆಲವು ವರ್ಷ ಆಗಿದೆ. ಮುದ್ದೆ, ಸೊಪ್ಪಿನ ಸಾರು ಆದ ಮೇಲೆ ಬ್ಯಾರನ್ನಿಗೆ ಕರೆದೊಯ್ದರು. “ಇಲ್ ತಂದು ನಿಲ್ಸು ಕಣೋ. ನಿನ್ ಬೈಕೇನು ಅನ್ನ ಕೇಳುತ್ತಾ, ನೀರು ಕೇಳುತ್ತಾ?” ಬಾಗಿಲು ತೆರೆದರು. ಒಳಗೆ ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕಾಯಿತು. ಆಮೇಲೆ ಒಂದೊಂದೇ ಕಂಡವು: ಗೆದ್ದಲು ಹಿಡಿದ ಎತ್ತಿನಗಾಡಿಯ ಮೂಕಿ, ಹಿಡಿದುಕೊಂಡ ಡೀಸೆಲ್ ಪಂಪು, ಚಿಕ್ಕಮ್ಮನ ಹೊಲಿಗೆ ಯಂತ್ರ, ಸೀಟಿಲ್ಲದ ಒಂದು ಮೊಪೆಡ್ಡು. ಯಾವುದನ್ನೂ ಯಾರೂ ಎಸೆದಿರಲಿಲ್ಲ. ಎಲ್ಲವನ್ನೂ ಪ್ರೀತಿಯಿಂದಲೇ ‘ಇಟ್ಟಿದ್ದರು’. ಮಳೆಗಾಲದಲ್ಲಿ ಗೋಡೆ ತೇವ ಹಿಡಿಯುತ್ತದೆ ಎಂದು ಚಿಕ್ಕಪ್ಪನೇ ಒಪ್ಪಿದರು. ಎಣ್ಣೆ ಬಿಡಲು, ಎಂಜಿನ್ನು ತಿರುಗಿಸಲು ನಾನು ತಿಂಗಳಿಗೊಮ್ಮೆ ಹಾಸನದಿಂದ ಬರುತ್ತೇನೆಯೇ? ಹಿತ್ತಲಿನ ಶೆಡ್ಡಿಗೇ ಹೋಗದವನು!

ಹೊರಗೆ ಇನ್ನೊಂದು ಪಂಚಾಯಿತಿ ಕಾದಿತ್ತು. ಚಿಕ್ಕಪ್ಪನ ಮೊಮ್ಮಗ, ಎಸ್ಸೆಸ್ಸೆಲ್ಸಿ ಹುಡುಗ, ಆಗಲೇ ಗಾಡಿಯ ಮೇಲೆ ಕೂತಿದ್ದ. “ದೊಡ್ಡಪ್ಪಾ, ಒಂದೇ ರೌಂಡು.” ಚಿಕ್ಕಪ್ಪನ ಕಣ್ಣಲ್ಲೂ ಅನುಮತಿ ಇತ್ತು, ಹಳ್ಳಿ ರಸ್ತೆ, ಯಾರು ಕೇಳುತ್ತಾರೆ? ನಾನು ಕೀಲಿ ಜೇಬಿಗೆ ಹಾಕಿಕೊಂಡೆ. ಗೇರಿನ ಗಾಡಿಗೆ 18 ತುಂಬಿರಬೇಕು. 16ಕ್ಕೆ ಸಿಗುವ ಲೈಸೆನ್ಸು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಗೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ಗಾಡಿ ಓಡಿಸಿ ಅಪರಾಧವೆಸಗಿದರೆ ಪೋಷಕರು ಅಥವಾ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಸಜೆ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸು ಸಿಗುವುದಿಲ್ಲ. ಇದನ್ನೆಲ್ಲ ಹೇಳಿದಾಗ ಹುಡುಗ ಮುಖ ಊದಿಸಿಕೊಂಡ. ಆದರೆ ಕೀಲಿ ನೇತುಹಾಕಿದ ಗಾಡಿಯೊಂದು ಈ ಬ್ಯಾರನ್ನಿನಲ್ಲಿ ನಿಂತರೆ ಅದು ನಿಂತೇ ಇರುತ್ತದೆ ಎಂಬ ಭರವಸೆ ನನಗೆ ಉಳಿಯಲಿಲ್ಲ. ಗಾಡಿ ಇಡುವಾಗ ತುಕ್ಕನ್ನಷ್ಟೇ ಯೋಚಿಸಿದರೆ ಸಾಲದು, ಮಕ್ಕಳ ಕೈಯನ್ನೂ ಯೋಚಿಸಬೇಕು.

ತೆಂಗಿನ ಸೀಮೆಯ ಗಿರಾಕಿ

ಮತ್ತೆ ಹೊಳೆನರಸೀಪುರಕ್ಕೆ ಬಂದು, ಊರು ದಾಟಿ ಚನ್ನರಾಯಪಟ್ಟಣದ ದಾರಿ ಹಿಡಿದೆವು. ಈಗ ನೋಟ ಪೂರ್ತಿ ಬದಲು. ತೆಂಗಿನ ತೋಟ, ರಾಗಿ ಹೊಲ, ಬಂಡೆ ಗುಡ್ಡ. 1993ರ ಡಿಸೆಂಬರಿನಲ್ಲಿ ಇದೇ ದಾರಿಯಲ್ಲಿ, ಇದೇ ಗಾಡಿಯ ಹಿಂದಿನ ಸೀಟಿನಲ್ಲಿ, ಪಿಯುಸಿ ಓದುತ್ತಿದ್ದ ನಾನು ಅಪ್ಪನೊಂದಿಗೆ ಶ್ರವಣಬೆಳಗೊಳದ ಮಹಾಮಸ್ತಕಾಭಿಷೇಕಕ್ಕೆ ಹೋಗಿದ್ದೆ. ಹಾಲು, ಅರಿಸಿನ, ಚಂದನದಲ್ಲಿ ಮೀಯುವ 58 ಅಡಿ ಎತ್ತರದ ಗೊಮ್ಮಟನನ್ನು ದೂರದಿಂದಲೇ ನೋಡಿ ಬಂದಿದ್ದೆವು. ಅದನ್ನು ಹೇಳಿದಾಗ ಮಗಳು ಹಿಂದಿನಿಂದ ಕೂಗಿದಳು: “ಕಲ್ಲಿಗೆ ಹನ್ನೆರಡು ವರ್ಷಕ್ಕೊಂದು ಸ್ನಾನ ಸಾಕಪ್ಪಾ. ಇದು ಕಬ್ಬಿಣ!”

ಚನ್ನರಾಯಪಟ್ಟಣದ ಗಿರಾಕಿ ಕೊಬ್ಬರಿ ವ್ಯಾಪಾರಿ. ಹಳೇ ಬೈಕು ಕೂಡಿಡುವುದು ಅವರ ಹವ್ಯಾಸ. ಮಂಡಿಯ ಹಿಂದೆ ಸಿಮೆಂಟು ನೆಲದ ಉದ್ದನೆಯ ಕೋಣೆ, ಸಾಲಾಗಿ ಎಂಟು ಬೈಕು, ಎಲ್ಲವೂ ಸ್ಟ್ಯಾಂಡಿನ ಮೇಲೆ, ಎಲ್ಲದಕ್ಕೂ ಹತ್ತಿ ಹೊದಿಕೆ. ಕ್ರೋಮಿಯಂ ಕನ್ನಡಿಯಂತಿತ್ತು. ಹೊಳೆನರಸೀಪುರದ ಮೆಕ್ಯಾನಿಕ್ಕು ಹೇಳಿದ ಪಾಠವನ್ನೆಲ್ಲ ಇಲ್ಲಿ ಚಾಚೂ ತಪ್ಪದೆ ಪಾಲಿಸಿದ್ದರು. ಗಾಡಿಯ ಸುತ್ತ ಎರಡು ಸುತ್ತು ಬಂದು, ಎಂಜಿನ್ ನಂಬರು, ಛಾಸಿ ನಂಬರನ್ನು ಆರ್.ಸಿ. ಪುಸ್ತಕದೊಂದಿಗೆ ಹೋಲಿಸಿ ಬೆಲೆ ಹೇಳಿದರು. ನಾನು ಎಣಿಸಿದ್ದಕ್ಕಿಂತ ಹೆಚ್ಚೇ. ಮಗಳ ಒಂದು ವರ್ಷದ ಹಾಸ್ಟೆಲು ಅದರಲ್ಲಿ ಮುಗಿಯುತ್ತಿತ್ತು.

ಕಾಗದದ ವಿಷಯದಲ್ಲಿ ಅವರು ನನಗಿಂತ ಕಟ್ಟುನಿಟ್ಟು. “ಮಾರೋದಾದ್ರೆ ನಮೂನೆ 29, 30ಕ್ಕೆ ಸಹಿ ಹಾಕಿ, ಹದಿನಾಲ್ಕು ದಿನದೊಳಗೆ ಆರ್.ಟಿ.ಓ.ಗೆ ತಿಳಿಸಿ. ಹೆಸರು ಬದಲಾಗೋವರೆಗೂ ನಿದ್ದೆ ಮಾಡ್ಬೇಡಿ” ಎಂದರು. ಮಾತು ಸುಳ್ಳಲ್ಲ. ಗಾಡಿ ಕೈಬದಲಾದರೂ ದಾಖಲೆಯಲ್ಲಿ ಹೆಸರು ಬದಲಾಗದಿದ್ದರೆ ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲೀಕನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ನವೀನ್ ಕುಮಾರ್ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ಗುಜರಿಗೋ ಗೆಳೆಯನಿಗೋ ಬಾಯಿಮಾತಿನಲ್ಲಿ ಗಾಡಿ ಕೊಟ್ಟು ಮರೆತವರು ಈ ಸಾಲನ್ನು ಇನ್ನೊಮ್ಮೆ ಓದುವುದು ಒಳ್ಳೆಯದು.

ಇಟ್ಟರೆ ಬೆಲೆ ಏರುವುದಿಲ್ಲವೇ, ವಿಂಟೇಜ್ ಆಗುವುದಿಲ್ಲವೇ ಎಂದು ಕೇಳಿದೆ. ಅವರು ನಕ್ಕರು. 2021ರ ನಿಯಮದಂತೆ 50 ವರ್ಷ ದಾಟಿ, ಮೂಲರೂಪದಲ್ಲೇ ಉಳಿದ ಗಾಡಿಗೆ ಮಾತ್ರ ವಿಂಟೇಜ್ ನೋಂದಣಿ. 1981ರ ಗಾಡಿಗೆ ಆ ವಯಸ್ಸು ತುಂಬುವುದು 2031ಕ್ಕೆ. ಸಿಕ್ಕ ಮೇಲೂ ಅದರಲ್ಲಿ ದಿನನಿತ್ಯ ಓಡಾಡುವಂತಿಲ್ಲ. “ಅಲ್ಲೀವರೆಗೆ ತುಕ್ಕು ಕಾಯುತ್ತಾ ಸಾರ್?”

ಮಗಳು ಎಂಟು ಬೈಕುಗಳನ್ನೂ ನೋಡಿ ಬಂದಳು. “ಅಂಕಲ್, ಇವುಗಳಲ್ಲಿ ಯಾವುದು ಓಡುತ್ತೆ?” ಅವರು ತಡವರಿಸಲಿಲ್ಲ. “ಎಲ್ಲಾ ಸ್ಟಾರ್ಟ್ ಆಗುತ್ತಮ್ಮ. ಓಡೋದು ಯಾವುದೂ ಇಲ್ಲ. ನನಗೆ ಸೊಂಟ ನೋವು.” ಆಮೇಲೆ ನನ್ನ ಕಡೆ ತಿರುಗಿ ಒಂದು ಮಾತು ಹೇಳಿದರು. ಆವತ್ತಿನ ಪ್ರಯಾಣದಲ್ಲಿ ಬೇರೆ ಯಾವುದೂ ನೆನಪುಳಿಯದಿದ್ದರೂ ಅದು ಉಳಿಯುತ್ತದೆ: “ನೀವು ಓಡ್ಸೋರಾದ್ರೆ ಕೊಡ್ಬೇಡಿ. ಇಡೋರಾದ್ರೆ ನನಗೇ ಕೊಡಿ. ಇಡೋ ಕೆಲಸ ನಿಮಗಿಂತ ನನಗೆ ಚೆನ್ನಾಗಿ ಬರುತ್ತೆ.”

ಐದು ಕಾಲಮ್ಮಿನ ಕರಾರು

ಹೆದ್ದಾರಿ ಹಿಡಿದು ಹಾಸನಕ್ಕೆ ಮರಳುವಾಗ ಸಂಜೆಯಾಗಿತ್ತು. ಲಾರಿ, ಬಸ್ಸುಗಳ ಗಾಳಿಗೆ ಹೆದರಿ ಎಡ ಅಂಚಿನಲ್ಲೇ ಬಂದೆವು. ಆ ದಿನ ಓಡಿದ್ದು ಹೆಚ್ಚುಕಡಿಮೆ 150 ಕಿಲೋಮೀಟರು. ಬೆನ್ನು ನೋಯುತ್ತಿತ್ತು, ಮನಸ್ಸು ಹಗುರಾಗಿತ್ತು. ಬೆಳಗ್ಗೆ ನನ್ನ ಮುಂದಿದ್ದ ಪ್ರಶ್ನೆ ‘ಮಾರುವುದೋ ಇಡುವುದೋ’ ಎಂದು. ಮೂರು ಊರು ಸುತ್ತಿದ ಮೇಲೆ ತಿಳಿಯಿತು, ಪ್ರಶ್ನೆಯೇ ತಪ್ಪು. ಓಡಿಸುವವನು ನಾನಾಗಿದ್ದರೆ ಮಾರಬೇಕಾಗಿಲ್ಲ, ಅಲ್ಲದಿದ್ದರೆ ಇಡುವ ಹಕ್ಕೂ ನನಗಿಲ್ಲ. ಅಪ್ಪನ ನೆನಪು ಎಂದು ನಾನು ಟಾರ್ಪಾಲು ಹೊದಿಸಿಟ್ಟಿದ್ದು ಅಪ್ಪನನ್ನಲ್ಲ, ನನ್ನ ಸೋಮಾರಿತನವನ್ನು. ಅಪ್ಪ ಇದ್ದದ್ದು ಆ ನೋಟ್‌ಬುಕ್ಕಿನ ತುಂಬಿದ ಸಾಲುಗಳಲ್ಲಿ.

ಆ ರಾತ್ರಿ ಊಟದ ಮೇಲೆ ಮೂವರೂ ಕೂತೆವು. ಹಾಸ್ಟೆಲಿನ ಹಣಕ್ಕೆ ಬೇರೆ ದಾರಿ ಇದೆ, ಕಷ್ಟದ್ದಾದರೂ ಇದೆ ಎಂದು ನನ್ನಾಕೆ ಒಪ್ಪಿದಳು. ಆದರೆ ಬಾಯಿಮಾತಿಗೆ ಒಪ್ಪಲಿಲ್ಲ. ಮಗಳು ನೋಟ್‌ಬುಕ್ಕಿನ ಮೊದಲ ಖಾಲಿ ಹಾಳೆಯಲ್ಲಿ ಕರಾರು ಬರೆದಳು. ಅವಧಿ ಮುಗಿಯುವ 60 ದಿನದೊಳಗೆ ನಮೂನೆ 25 ಹಾಕಿ ನೋಂದಣಿ ನವೀಕರಿಸುವುದು. ಪ್ರತಿ ತಿಂಗಳ ಮೊದಲ ಭಾನುವಾರ ಮೊಸಳೆಯವರೆಗಾದರೂ ಹೋಗಿಬರುವುದು. ಅವಳಿಗೆ 18 ತುಂಬಿದೆ. ಲೈಸೆನ್ಸು ಬಂದ ಮೇಲೆ ರಜೆಯಲ್ಲಿ ಅವಳ ಸರದಿ. ಸತತ ಮೂರು ತಿಂಗಳು ಸಾಲು ಖಾಲಿ ಬಿದ್ದರೆ ಮರುಮಾತಿಲ್ಲದೆ ಚನ್ನರಾಯಪಟ್ಟಣಕ್ಕೆ ಫೋನು. ಕೆಳಗೆ ಮೂವರ ಸಹಿ.

ನಿಮ್ಮ ಹಿತ್ತಲಿನಲ್ಲೂ ಒಂದು ಚೇತಕ್ಕೋ, ರಾಜದೂತೋ, ಅಜ್ಜಿಯ ಹೊಲಿಗೆ ಯಂತ್ರವೋ ಇದ್ದೀತು. ಮಾರಿ ಎಂದಾಗಲೀ ಇಡಿ ಎಂದಾಗಲೀ ನಾನು ಹೇಳಲಾರೆ. ಒಂದು ದಿನ ಅದನ್ನು ಹೊರಗೆ ತೆಗೆದು ಕೆಲಸಕ್ಕೆ ಹಚ್ಚಿ ನೋಡಿ. ಉತ್ತರ ಅದೇ ಹೇಳುತ್ತದೆ.

ಕರಾರಿಗೆ ಸಹಿ ಬಿದ್ದ ಮೇಲೆ ಮೂರು ತಿಂಗಳ ಮೊದಲ ಭಾನುವಾರಗಳು ಕಳೆದಿವೆ. ಎರಡು ಸಾಲು ತುಂಬಿವೆ. ಮೂರನೆಯದಕ್ಕೆ ಜಡಿಮಳೆ ಬಂತು. ಮುಂದಿನ ಭಾನುವಾರ ಹೋದರಾಯಿತು ಎಂದುಕೊಂಡೆ, ಹೋಗಲಿಲ್ಲ. ಹಾಸ್ಟೆಲಿನಿಂದ ಮಗಳು ಫೋನು ಮಾಡಿ ಮೊದಲು ಕೇಳಿದ್ದು ಅದನ್ನೇ.

“ಒಂದು ಖಾಲಿ, ಅಪ್ಪಾ. ಇನ್ನು ಎರಡು ಮಾತ್ರ.”